ಕೊನೆಯ ಸಂಸ್ಕರಣೆ ಯಾರ ಕೈಯಲ್ಲಿ? ಕಡೂರು ಸೀಮೆಯ ಬೆಳೆ, ಕರ್ನಾಟಕದ ಪೇಯ ಮತ್ತು ಪರದೇಶದ ಪೇಟೆ

ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಕಾಫಿ. ಆ ಜಿಲ್ಲೆಯ ಪೂರ್ವ ಮತ್ತು ಉತ್ತರದ ಅಂಚಿನಲ್ಲಿರುವ ಕಡೂರು, ತರೀಕೆರೆ, ಅಜ್ಜಂಪುರದ ರೈತರಿಗೆ ಮಾತ್ರ ದಿನನಿತ್ಯದ ಚಿಂತೆ ತೆಂಗು, ಅಡಿಕೆ, ರಾಗಿ, ಈರುಳ್ಳಿಯದ್ದು. ತರೀಕೆರೆಯ ಕೆಮ್ಮಣ್ಣುಗುಂಡಿ, ಸಂತವೇರಿಯ ಕಡೆಗೆ ಬೆಟ್ಟ ಹತ್ತಿದರೆ ಕಾಫಿ ತೋಟಗಳು ಸಿಗುತ್ತವೆ. ಕಡೂರಿನ ಕಡೆಗೆ ಇಳಿದರೆ ಬಯಲು. ಈ ಸೀಮೆಯ ಬೆಳೆಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಇಲ್ಲಿ ಬೆಳೆದದ್ದು ಬೇರೆ ಊರಿನ ಹೆಸರಿನಲ್ಲಿ ಮಾರಾಟವಾಗುತ್ತದೆ. ಕಡೂರಿನ ಕೊಬ್ಬರಿಗೆ ಬೆಲೆ ಕಟ್ಟುವುದು ತಿಪಟೂರು ಪೇಟೆ. ತರೀಕೆರೆಯ ಅಡಿಕೆ ಬೆಳೆಗಾರ ಬೆಳಿಗ್ಗೆ ನೋಡುವುದು ಶಿವಮೊಗ್ಗದ ರಾಶಿ ಇಡಿ ಧಾರಣೆ.

ಈ ಲೇಖನದ ಪ್ರಶ್ನೆ ಇದಕ್ಕೆ ಸಂಬಂಧಪಟ್ಟದ್ದು. ಚಿಕ್ಕ ಊರೊಂದರ ಪೇಯ ಪರದೇಶದ ಪೇಟೆಗೆ ಹೊರಟಾಗ ಆ ಊರೂ ಅದರ ಜೊತೆ ಹೋಗುವುದು ಯಾವಾಗ? ಜಪಾನಿನ ಸಣ್ಣ ಬಿಯರ್ ತಯಾರಕರು ತಮ್ಮ ಪ್ರಾಂತದ ಹೆಸರನ್ನೇ ಬಾಟಲಿಗೆ ಹಚ್ಚಿ ಅಮೆರಿಕ, ಯುರೋಪಿನವರೆಗೆ ಕಳಿಸಿದ್ದಾರೆ. ಕರ್ನಾಟಕದಿಂದಲೂ ಬಿಯರ್ ಮತ್ತು ವಿಸ್ಕಿ ಹೋಗಿವೆ. ಅವಕ್ಕಿಂತ ಒಂದೂವರೆ ಶತಮಾನ ಮೊದಲೇ ಕಾಫಿ ಹೋಗಿದೆ. ಇವನ್ನು ಒಟ್ಟಿಗಿಟ್ಟು ನೋಡಿದರೆ ಕಾಣುವುದು ಇಷ್ಟು: ಊರಿನ ಹೆಸರು ಉಳಿಯುವುದು ಕೊನೆಯ ಸಂಸ್ಕರಣೆ ನಡೆಯುವ ಜಾಗದಲ್ಲಿ. ಆ ಸಂಸ್ಕರಣೆಯನ್ನು ಚಿಕ್ಕ ಪ್ರಮಾಣದಲ್ಲಿ ನಡೆಸಲು ಕಾನೂನು ಬಿಡುತ್ತದೆಯೇ ಎಂಬುದು ಅದರ ಬೆನ್ನಿಗೇ ಬರುವ ಪ್ರಶ್ನೆ. ರುಚಿಯ ಪಾತ್ರ ಈ ಕಥೆಯಲ್ಲಿ ನಾವು ಅಂದುಕೊಳ್ಳುವಷ್ಟು ದೊಡ್ಡದಲ್ಲ.

ಕಡೂರು ಜಿಲ್ಲೆಯ ಕಾಫಿ, ಮೈಸೂರಿನ ಹೆಸರು

1863ರಲ್ಲಿ ರಚನೆಯಾದ ಈ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಕೇಂದ್ರಸ್ಥಾನ ಎರಡೇ ವರ್ಷಕ್ಕೆ ಚಿಕ್ಕಮಗಳೂರಿಗೆ ಹೋಯಿತು, ಹೆಸರು ಮಾತ್ರ 1947ರವರೆಗೆ ಉಳಿಯಿತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವನ್ನು ತೆರೆದವರಿಗೆ ಈ ಹಳೆಯ ಹೆಸರು ಪರಿಚಿತ. ಅಮೃತಾಪುರದ ಶಾಸನವನ್ನು ಹುಡುಕಬೇಕಾದರೂ ಕಡೂರು ಜಿಲ್ಲೆಯ ಸಂಪುಟಕ್ಕೇ ಹೋಗಬೇಕು. ಹೀಗೆ ಎಂಬತ್ತು ವರ್ಷಕ್ಕೂ ಮಿಕ್ಕಿ ಆಡಳಿತದ ಕಾಗದದಲ್ಲಿ ಬಾಬಾಬುಡನ್‌ಗಿರಿಯ ಕಾಫಿಯೆಲ್ಲ ಕಡೂರು ಜಿಲ್ಲೆಯ ಕಾಫಿ.

ಲಂಡನ್ನಿನ ಪೇಟೆಯಲ್ಲಿ ಅದಕ್ಕೆ ಆ ಹೆಸರಿರಲಿಲ್ಲ. 1830ರ ಆಸುಪಾಸಿನಲ್ಲಿ ಕ್ಯಾನನ್ ಎಂಬ ಇಂಗ್ಲಿಷ್ ಪ್ಲಾಂಟರ್ ಬಾಬಾಬುಡನ್ ಬೆಟ್ಟಸಾಲಿನಲ್ಲಿ ತೋಟ ಹಾಕಿದ. ಆ ತೋಟದ ಕಾಫಿ ಮುಂದೆ ‘ಕ್ಯಾನನ್ಸ್ ಮೈಸೂರು’ ಎಂಬ ಗುರುತಿನಲ್ಲಿ ಹೆಸರು ಮಾಡಿ ಒಳ್ಳೆಯ ಬೆಲೆ ಪಡೆಯಿತು. ಗುರುತಿನ ಒಂದು ಭಾಗ ಮಾಲೀಕನದ್ದು, ಇನ್ನೊಂದು ಸಂಸ್ಥಾನದ್ದು. ಬೆಟ್ಟದ ಹೆಸರಿಲ್ಲ, ಜಿಲ್ಲೆಯ ಹೆಸರೂ ಇಲ್ಲ. ಬೇರೆಯವರ ಊರನ್ನು ಮರೆಸಿದ್ದು ವಸಾಹತುಶಾಹಿಯ ದುರಹಂಕಾರ ಎಂದು ಇದನ್ನು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಕಾಫಿಯ ಸಂಸ್ಕರಣೆಯನ್ನು ಹೆಜ್ಜೆಹೆಜ್ಜೆಯಾಗಿ ನೋಡಿದರೆ ಇನ್ನೊಂದು ಕಾರಣವೂ ಎದುರಾಗುತ್ತದೆ.

ತೋಟದಲ್ಲಿ ಹಣ್ಣು ಕೊಯ್ದು, ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ತೊಳೆದು, ಕಣದಲ್ಲಿ ಒಣಗಿಸಿದರೆ ಸಿಗುವುದು ಪಾರ್ಚ್‌ಮೆಂಟ್. ಅದರ ಮೇಲಿನ ಹೊಟ್ಟನ್ನು ಬಿಡಿಸಿ, ಬೀಜವನ್ನು ಉಜ್ಜಿ, ಜರಡಿ ಹಿಡಿದು, ಒಡಕು ಮತ್ತು ಕಪ್ಪು ಕಾಳನ್ನು ಹೆಂಗಸರು ಕೈಯಲ್ಲಿ ಆರಿಸಿ, ದರ್ಜೆಗಳಾಗಿ ವಿಂಗಡಿಸುವ ಕ್ಯೂರಿಂಗ್ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಪಾಲು ಘಟ್ಟದ ಕೆಳಗೆ, ಮಂಗಳೂರಿನಲ್ಲಿ ನಡೆಯುತ್ತಿತ್ತು. ಖರೀದಿದಾರನ ಕಣ್ಣಿಗೆ ಬೀಳುವ ಸರಕು ಹುಟ್ಟುತ್ತಿದ್ದದ್ದು ಅಲ್ಲಿ. ಅಲ್ಲಿಗೆ ಬಂದ ಗೋಣಿಗಳಲ್ಲಿ ಯಾವುದು ಸಂತವೇರಿಯದ್ದು, ಯಾವುದು ಮೂಡಿಗೆರೆಯದ್ದು ಎಂಬ ಲೆಕ್ಕವನ್ನು ಇಟ್ಟುಕೊಳ್ಳುವ ಶಕ್ತಿ ಇದ್ದದ್ದು ಕ್ಯಾನನ್‌ನಂಥ ದೊಡ್ಡ ತೋಟಗಾರನಿಗೆ ಮಾತ್ರ. ನಾಲ್ಕು ಮೂಟೆ ಕಾಫಿಯ ಮಲೆನಾಡಿನ ಹಿಡುವಳಿದಾರ ಸಾಹುಕಾರನ ಲೆಕ್ಕಪುಸ್ತಕದಲ್ಲೇ ಮುಗಿದುಹೋಗುತ್ತಿದ್ದ.

ಸ್ವಾತಂತ್ರ್ಯಾನಂತರವೂ ಈ ಸ್ಥಿತಿ ಬದಲಾಗಲಿಲ್ಲ ಎಂಬುದನ್ನು ನಮ್ಮ ಕಾಫಿ ಚರಿತ್ರೆಕಾರರು ಸಾಕಷ್ಟು ಒತ್ತಿ ಹೇಳಿಲ್ಲ. 1942ರ ಕಾಯ್ದೆಯ ನಂತರ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಮಂಡಳಿ ಹರಾಜು ಹಾಕುತ್ತಿತ್ತು, ಬಂದ ಹಣವನ್ನು ಕಂತುಗಳಲ್ಲಿ ಹಂಚುತ್ತಿತ್ತು. ಯುದ್ಧಕಾಲದಲ್ಲಿ ಯುರೋಪಿನ ಪೇಟೆ ಮುಚ್ಚಿದ್ದಾಗ ಬೆಳೆಗಾರನನ್ನು ಉಳಿಸಿದ್ದು ಇದೇ ವ್ಯವಸ್ಥೆ, ಆ ಋಣವನ್ನು ಮರೆಯಬಾರದು. ಆದರೆ ಪೂಲ್‌ಗೆ ಬಿದ್ದ ಕಾಫಿಗೆ ತೋಟದ ಹೆಸರಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶವಾಗಿ, 1996ರಲ್ಲಿ ಪೂಲ್ ಪೂರ್ತಿ ಮುಗಿಯಿತು. ತೋಟಗಳು ತಮ್ಮದೇ ಹೆಸರಿನಲ್ಲಿ ಹೊರದೇಶದ ರೋಸ್ಟರ್‌ಗಳಿಗೆ ಕಾಫಿ ಕಳಿಸತೊಡಗಿದ್ದು ಅದಾದ ಮೇಲೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಇಷ್ಟಾದರೂ ನಮ್ಮ ಅತ್ಯುತ್ತಮ ರಫ್ತು ದರ್ಜೆಯೊಂದರ ಹೆಸರು ಇಂದಿಗೂ ‘ಮೈಸೂರು ನಗೆಟ್ಸ್’.

ಬಿಯರ್ ಏಕೆ ಕಾಫಿಯಂತಲ್ಲ

ಒಣಗಿದ ಕಾಫಿ ಬೀಜ ಸಮುದ್ರದ ಮೇಲೆ ತಿಂಗಳುಗಟ್ಟಲೆ ಕೂರಬಲ್ಲದು. ಹಾಯಿಹಡಗಿನ ಕಾಲದಲ್ಲಿ ಆಫ್ರಿಕದ ದಕ್ಷಿಣದ ಕೇಪ್ ಸುತ್ತಿ ಯುರೋಪ್ ಮುಟ್ಟುವಷ್ಟರಲ್ಲಿ ಅದು ತೇವ ಹೀರಿ, ಉಬ್ಬಿ, ಹಳದಿಗೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಗಿರಾಕಿ ಅದನ್ನೇ ಇಷ್ಟಪಟ್ಟ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು ಪ್ರಯಾಣ ಚಿಕ್ಕದಾದ ಮೇಲೆ ಆ ರುಚಿ ಸಿಗದಾಯಿತು; ಕರಾವಳಿಯ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಬೀಜ ಹರಡಿ ಅದನ್ನು ಮತ್ತೆ ತರಿಸುವ ‘ಮಾನ್ಸೂನ್ಡ್ ಮಲಬಾರ್’ ಪದ್ಧತಿ ಬೆಳೆದದ್ದು ಹಾಗೆ. ಪ್ರಯಾಣದ ಹಾನಿಯೇ ಇಲ್ಲಿ ಗುಣವಾಯಿತು.

ಬಿಯರ್‌ಗೆ ಈ ಅದೃಷ್ಟವಿಲ್ಲ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಆದ ಪೇಯವನ್ನು, ಭಾರದ ಗಾಜಿನಲ್ಲಿ ತುಂಬಿ ಕಳಿಸಬೇಕು. ಬಾಟಲಿಯೊಳಗೆ ಉಳಿದ ಚೂರು ಆಮ್ಲಜನಕ ಅದನ್ನು ಹಳಸಲು ಮಾಡುತ್ತದೆ. ಬಿಸಿಲು ಬಿದ್ದರೆ ಹಾಪ್ಸ್‌ನ ಅಂಶಗಳು ಒಡೆದು ಕೆಟ್ಟ ವಾಸನೆ ಬರುತ್ತದೆ, ಕಂದು ಬಾಟಲಿ ಬಳಸುವುದು ಅದಕ್ಕೇ. ಬಿಸಿ ಕಂಟೇನರಿನಲ್ಲಿ ಕೆಲವು ವಾರ ಕೂತರೆ ಹೊಸ ಬಿಯರ್ ಮುದಿಯಾಗುತ್ತದೆ. ಅಗ್ಗದ ಪೇಯಕ್ಕೆ ಇಷ್ಟು ಸಾಗಣೆ ವೆಚ್ಚ ಹೊರುವ ಶಕ್ತಿ ಇರುವುದಿಲ್ಲ. ಆದ್ದರಿಂದ ಪರದೇಶದಲ್ಲಿ ಗೆದ್ದ ಬಿಯರ್ ಸಾಮಾನ್ಯವಾಗಿ ಸಾಗಣೆಯನ್ನೇ ನಿಲ್ಲಿಸಿ ಅಲ್ಲಿಯೇ ತಯಾರಾಗತೊಡಗುತ್ತದೆ.

ಕರ್ನಾಟಕದ್ದೇ ಉದಾಹರಣೆ ಇದೆ. 1990ರಲ್ಲಿ ಬ್ರಿಟನ್ನಿನ ಪೇಟೆಗೆ ಬಂದ ಕೋಬ್ರಾ ಬಿಯರ್ ತಯಾರಾದದ್ದು ಬೆಂಗಳೂರಿನ ಮೈಸೂರು ಬ್ರುವರೀಸ್‌ನಲ್ಲಿ. ಹೈದರಾಬಾದಿನ ಮೂಲದ ಕರಣ್ ಬಿಲಿಮೋರಿಯಾ ಆಗ ಓದು ಮುಗಿಸಿ ಸಾಲ ಹೊತ್ತಿದ್ದ ಯುವಕ. ಇಂಡಿಯನ್ ಕರಿ ಊಟದ ಜೊತೆ ಕುಡಿಯಲು ಬ್ರಿಟಿಷ್ ಲಾಗರ್‌ನ ಗ್ಯಾಸ್ ಹೆಚ್ಚು, ಏಲ್ ಭಾರ. ಎರಡರ ನಡುವಿನದ್ದೊಂದು ಬೇಕು ಎಂಬುದು ಅವರ ಲೆಕ್ಕಾಚಾರ. ಮೈಸೂರು ಬ್ರುವರೀಸ್ ಬಳಿ ಮೊದಲೇ ಪಾಲ್ಸ್, ನಾಕೌಟ್ ಎಂಬ ಎರಡು ಬಿಯರ್‌ಗಳಿದ್ದವು. ಅವನ್ನೇ ಕಳಿಸಬಹುದಿತ್ತು. ಆದರೆ ಬ್ರಿಟನ್ನಿನಲ್ಲಿ ಪಾಲ್ ಎಂದರೆ ನಾಯಿ ತಿನಿಸಿನ ಪ್ರಸಿದ್ಧ ಬ್ರಾಂಡು. ನಾಕೌಟ್ ಎಂದರೆ ಬಾಕ್ಸಿಂಗ್ ಕಣದ ನೆನಪು. ಬೆಂಗಳೂರಿನಲ್ಲಿ ಓಡುವ ಹೆಸರು ಹಡಗು ಹತ್ತಲಾರದು ಎಂಬ ಪಾಠ ಮೊದಲ ಮಾತುಕತೆಯಲ್ಲೇ ಸಿಕ್ಕಿತು. ಹೊಸ ಹೆಸರು, ಹೊಸ ಪಾಕ ಆಯಿತು.

ಈ ಪ್ರಕರಣದ ಸ್ವಾರಸ್ಯವಿರುವುದು ಬಾಟಲಿಯಲ್ಲಿ. ಬೆಂಗಳೂರಿನ ಯಂತ್ರಗಳು ತುಂಬುತ್ತಿದ್ದದ್ದು ನಮ್ಮ ವೈನ್ ಶಾಪುಗಳಲ್ಲಿ ಎಲ್ಲರೂ ಕಂಡಿರುವ 650 ಎಂಎಲ್‌ನ ದೊಡ್ಡ ಬಾಟಲಿಯನ್ನು. ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಬಾಟಲಿಗೆ ಒಗ್ಗಿದ್ದ ಪೇಟೆಗೆ ಅದು ಅಡ್ಡಾದಿಡ್ಡಿ ಗಾತ್ರ. ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿದರು. ಲಂಡನ್ನಿನ ಇಂಡಿಯನ್ ರೆಸ್ಟೋರೆಂಟುಗಳಲ್ಲಿ ಮೇಜಿನ ನಡುವೆ ಒಂದು ಬಾಟಲಿ ಇಟ್ಟು, ಸಾರು ಪಲ್ಯ ಹಂಚಿಕೊಂಡಂತೆ ಅದನ್ನೂ ಹಂಚಿಕೊಂಡು ಕುಡಿದರು. ಪಕ್ಕದ ಮೇಜಿನವರು ಅದೇನೆಂದು ಕೇಳಿದರು. ದೋಷವೆಂದು ಹೆದರಿದ್ದೇ ಗುರುತಾಯಿತು. ವ್ಯಾಪಾರದ ಪಠ್ಯಪುಸ್ತಕಗಳು ಇದನ್ನು ಜಾಣತನ ಎಂದು ಹೊಗಳುತ್ತವೆ. ನನಗೆ ಇದು ಸರಬರಾಜಿನ ಮಿತಿಯೊಳಗೆ ಸಿಕ್ಕ ಆಕಸ್ಮಿಕವೆಂದೇ ಕಾಣುತ್ತದೆ.

ಬೇಡಿಕೆ ಏರಿತು. ಬೆಂಗಳೂರಿನಿಂದ ಸಮಯಕ್ಕೆ ಸರಿಯಾಗಿ, ಒಂದೇ ಗುಣಮಟ್ಟದಲ್ಲಿ ಸರಕು ತರಿಸುವುದು ಕಷ್ಟವಾಯಿತು. 1990ರ ದಶಕದ ಕೊನೆಯ ಹೊತ್ತಿಗೆ ತಯಾರಿಕೆ ಇಂಗ್ಲೆಂಡಿನ ಬೆಡ್‌ಫರ್ಡ್‌ಗೆ, ಚಾರ್ಲ್ಸ್ ವೆಲ್ಸ್ ಬ್ರುವರಿಗೆ ಹೋಯಿತು. 2009ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮೋಲ್ಸನ್ ಕೂರ್ಸ್‌ಗೆ ಸೇರಿತು. ಬೆಂಗಳೂರಿನ ಮೈಸೂರು ಬ್ರುವರೀಸ್ ಕೂಡ ಅಷ್ಟರಲ್ಲಿ ದಕ್ಷಿಣ ಆಫ್ರಿಕ ಮೂಲದ ಎಸ್‌ಎಬಿ ತೆಕ್ಕೆಗೆ ಹೋಗಿತ್ತು. ಬಿಯರ್ ಇಂಡಿಯನ್ ಎನಿಸಿಕೊಂಡೇ ಉಳಿಯಿತು, ಬೆಂಗಳೂರು ಕಥೆಯ ಮೊದಲ ಪುಟಕ್ಕೆ ಸರಿಯಿತು. ಕಿಂಗ್‌ಫಿಷರ್‌ನದ್ದೂ ಇದೇ ಹಾದಿ: ಬ್ರಿಟನ್ನಿನಲ್ಲಿ ಮಾರುವ ಕಿಂಗ್‌ಫಿಷರನ್ನು ದೀರ್ಘಕಾಲ ತಯಾರಿಸಿದ್ದು ಕೆಂಟ್‌ನ ಶೆಫರ್ಡ್ ನೀಮ್.

ಅಮೃತ್: ಕಾನೂನು ಕಟ್ಟಿಹಾಕಿದ ಜಾಗ

ಅಮೃತ್ ಡಿಸ್ಟಿಲರೀಸ್‌ನ ಪ್ರಕರಣ ಇದಕ್ಕೆ ವಿರುದ್ಧ ದಿಕ್ಕಿನದ್ದು. 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಸೇನೆಯ ಕ್ಯಾಂಟೀನುಗಳಿಗೆ ರಮ್ಮು ಸರಬರಾಜು ಮಾಡುತ್ತಿದ್ದ ಕುಟುಂಬದ ಕಂಪನಿ ಅದು. ನೀಲಕಂಠರಾವ್ ಜಗದಾಳೆ ಅವರ ಮಗ ರಕ್ಷಿತ್ ನ್ಯೂಕಾಸಲ್‌ನಲ್ಲಿ ಓದುತ್ತಿದ್ದಾಗ ಭಾರತದ ಸಿಂಗಲ್ ಮಾಲ್ಟನ್ನು ಬ್ರಿಟನ್ನಿನ ಇಂಡಿಯನ್ ರೆಸ್ಟೋರೆಂಟುಗಳಲ್ಲಿ ಮಾರಲು ಸಾಧ್ಯವೇ ಎಂಬ ಪ್ರಶ್ನೆಯನ್ನೇ ಅಧ್ಯಯನದ ವಿಷಯ ಮಾಡಿಕೊಂಡರು. 2004ರ ಆಗಸ್ಟ್ 24ರಂದು ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದ ಕೆಫೆ ಇಂಡಿಯಾದಲ್ಲಿ. ಸ್ವಂತ ಊರಿನ ಪೇಟೆಗೆ ಅದು ಬಂದದ್ದು 2010ರ ಹೊತ್ತಿಗೆ.

ಮೂಲ ಲೆಕ್ಕಾಚಾರ ತಪ್ಪಿತು. ಕರಿ ತಿನ್ನಲು ಬಂದವರು ವಿಸ್ಕಿ ಕೇಳಲಿಲ್ಲ. ಬಿಯರ್‌ಗೆ ಒಲಿದ ಮೇಜು ವಿಸ್ಕಿಗೆ ಒಲಿಯಲಿಲ್ಲ. ಅಮೃತ್ ದಾರಿ ಬದಲಿಸಿ ವಿಸ್ಕಿಯ ವಿಶೇಷ ಅಂಗಡಿಗಳಿಗೆ, ರುಚಿ ನೋಡಿ ಬರೆಯುವವರ ಬಳಿಗೆ ಹೋಯಿತು. 2010ರ ತಮ್ಮ ವಿಸ್ಕಿ ಬೈಬಲ್‌ನಲ್ಲಿ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿಟ್ಟ ಮೇಲೆ ಬಾಗಿಲು ತೆರೆಯಿತು.

ಆದರೆ ನನ್ನ ವಾದಕ್ಕೆ ಬೇಕಾದದ್ದು ಅಂಕವಲ್ಲ, ಪೀಪಾಯಿ. ಯುರೋಪಿನ ನಿಯಮದ ಪ್ರಕಾರ ಕಾಕಂಬಿಯಿಂದ ಬಟ್ಟಿ ಇಳಿಸಿದ್ದನ್ನು ವಿಸ್ಕಿ ಎಂದು ಕರೆಯುವಂತಿಲ್ಲ. ಧಾನ್ಯದಿಂದ ಆಗಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇರಬೇಕು. ಹೀಗೆ ಕೂರಿಸುವ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾಗುವುದು ಮೈಸೂರು ರಸ್ತೆಯ ಕಂಬೀಪುರದಲ್ಲಿ ಹನ್ನೊಂದು ಹನ್ನೆರಡರಷ್ಟು ಆವಿಯಾಗುತ್ತದೆ. ನಷ್ಟ ದೊಡ್ಡದು, ಅದೇ ಬಿಸಿಲು ನಾಲ್ಕೈದು ವರ್ಷದಲ್ಲಿ ವಿಸ್ಕಿಯನ್ನು ಹದಕ್ಕೆ ತರುತ್ತದೆ. ಬಾರ್ಲಿ ಬರುವುದು ಪಂಜಾಬ್, ರಾಜಸ್ಥಾನದ ಕಡೆಯಿಂದ, ಫ್ಯೂಷನ್‌ಗೆ ಒಂದು ಪಾಲು ಸ್ಕಾಟ್ಲೆಂಡಿನಿಂದಲೇ ಬರುತ್ತದೆ. ಹಾಗಿದ್ದೂ ಪೀಪಾಯಿ ಕೂತ ಜಾಗ ಬೆಂಗಳೂರು. ಅದನ್ನು ಗ್ಲಾಸ್ಗೋಗೆ ಸರಿಸಿದರೆ ಆ ವಿಸ್ಕಿ ಇಲ್ಲ. ಕೋಬ್ರಾವನ್ನು ಬೆಡ್‌ಫರ್ಡ್‌ಗೆ ಒಯ್ಯಲು ಸಾಧ್ಯವಾದದ್ದಕ್ಕೂ ಅಮೃತ್ ಬೆಂಗಳೂರಿನಲ್ಲೇ ಉಳಿದದ್ದಕ್ಕೂ ನಡುವೆ ಇರುವ ಅಂತರ ಇಷ್ಟೇ.

ಜಪಾನಿನ ಅರವತ್ತು ಕಿಲೋಲೀಟರ್

ಬಿಯರ್‌ಗೆ ಊರಿನಲ್ಲೇ ಉಳಿಯುವ ದಾರಿ ಇಲ್ಲವೇ? ಜಪಾನಿನಲ್ಲಿ ಒಂದು ಕಾನೂನು ತಿದ್ದುಪಡಿ ಆ ದಾರಿಯನ್ನು ತೆರೆಯಿತು. 1994ರವರೆಗೆ ಅಲ್ಲಿ ಬಿಯರ್ ಪರವಾನಗಿ ಬೇಕಾದರೆ ವರ್ಷಕ್ಕೆ ಕನಿಷ್ಠ 2,000 ಕಿಲೋಲೀಟರ್ ತಯಾರಿಸಬೇಕಿತ್ತು. ಆ ವರ್ಷದ ತಿದ್ದುಪಡಿ ಮಿತಿಯನ್ನು 60 ಕಿಲೋಲೀಟರಿಗೆ ಇಳಿಸಿತು. ಊರೂರಿನಲ್ಲಿ ‘ಜಿ-ಬೀರು’ಗಳು, ಅಂದರೆ ಸ್ಥಳೀಯ ಬಿಯರ್‌ಗಳು ಹುಟ್ಟಿಕೊಂಡವು. ಎಲ್ಲವೂ ಬಾಳಲಿಲ್ಲ, ಪ್ರವಾಸಿಗರಿಗೆ ದುಬಾರಿ ಬೆಲೆಗೆ ಮಾರಿದ ಕಳಪೆ ಬಿಯರ್‌ಗಳಿಂದ ಕೆಲವೇ ವರ್ಷದಲ್ಲಿ ಹೆಸರು ಕೆಟ್ಟಿತು. ಉಳಿದವರಲ್ಲಿ ಕೆಲವರು ದೇಶದೊಳಗಿನ ದೊಡ್ಡ ನಾಲ್ಕು ಕಂಪನಿಗಳ ಎದುರು ಈಜುವುದಕ್ಕಿಂತ ಹೊರದೇಶವೇ ವಾಸಿ ಎಂದು ಹೊರಟರು.

ಇಬರಾಕಿಯ ನಾಕಾ ಎಂಬ ಊರಿನ ಕಿಉಚಿ ಬ್ರುವರಿ ಅಂಥದ್ದು. 1823ರಲ್ಲಿ ಅದನ್ನು ಸಾಕೆ ತಯಾರಿಕೆಗೆಂದು ಆರಂಭಿಸಿದವನು ಊರಿನ ಮುಖಂಡ. ನಮ್ಮ ಕಡೆಯ ಪಟೇಲರಂತೆ ಕಂದಾಯದ ಭತ್ತ ಕೂಡಿಸುವ ಹೊಣೆಯವನು. 1996ರಲ್ಲಿ ಆ ಮನೆತನ ಬಿಯರ್‌ಗೆ ಇಳಿದು ‘ಹಿಟಾಚಿನೊ ನೆಸ್ಟ್’ ಎಂಬ ಗೂಬೆ ಚಿತ್ರದ ಬಾಟಲಿಯನ್ನು ಹೊರತಂದಿತು. ಹಿಟಾಚಿ ಎಂಬುದು ಆ ಪ್ರಾಂತದ ಹಳೆಯ ಹೆಸರು. ಇಂದಿನ ಆಡಳಿತ ನಕ್ಷೆಯಲ್ಲಿ ಅದು ಇಬರಾಕಿ. ಅಳಿದ ಕಡೂರು ಜಿಲ್ಲೆಯ ಹೆಸರು ಶಾಸನ ಸಂಪುಟದಲ್ಲಿ ಮಾತ್ರ ಉಳಿದರೆ, ಅಳಿದ ಹಿಟಾಚಿ ಪ್ರಾಂತದ ಹೆಸರು ನ್ಯೂಯಾರ್ಕಿನ ಬಾರುಗಳಲ್ಲಿ ಉಳಿದಿದೆ. ಅವರ ಒಂದು ಬಿಯರ್‌ಗೆ ಕೆಂಪು ಅಕ್ಕಿ ಹಾಕುತ್ತಾರೆ, ಇನ್ನೊಂದಕ್ಕೆ ಕಾನೆಕೊ ಗೋಲ್ಡನ್ ಎಂಬ ಹಳೆಯ ಜಪಾನಿ ಬಾರ್ಲಿ ತಳಿಯನ್ನು. ಕವಾಗೊಎ ಊರಿನ ಕೊಯೆಡೊ ಬ್ರುವರಿಯ ಕಥೆ ನಮ್ಮ ರೈತರಿಗೆ ಇನ್ನೂ ಹತ್ತಿರದ್ದು: ಗಾತ್ರ, ಆಕಾರ ಸರಿಯಿಲ್ಲವೆಂದು ಪೇಟೆಯಲ್ಲಿ ತಿರಸ್ಕಾರವಾದ ಸ್ಥಳೀಯ ಸಿಹಿಗೆಣಸಿಗೆ ದಾರಿ ಹುಡುಕುತ್ತ ಅವರು ಗೆಣಸಿನ ಬಿಯರ್ ಮಾಡಿದರು.

ಕರ್ನಾಟಕದಲ್ಲಿ ಚಿಕ್ಕ ಪ್ರಮಾಣದ ಬಿಯರ್‌ಗೆ ಪರವಾನಗಿ ಇಲ್ಲವೆಂದಲ್ಲ. 2010–11ರಿಂದ ಬೆಂಗಳೂರಿನಲ್ಲಿ ಟಾಯ್ಟ್, ಬಿಯರ್ ಕ್ಲಬ್ ಮೊದಲಾದ ಮೈಕ್ರೋಬ್ರುವರಿಗಳು ಬಂದಿವೆ. ಅವುಗಳ ಬಿಯರ್ ಚೆನ್ನಾಗಿಯೇ ಇದೆ. ಆದರೆ ಅವು ತಯಾರಿಸಿದ್ದನ್ನು ಅಲ್ಲೇ, ಆ ಛಾವಣಿಯ ಕೆಳಗೇ ಮಾರಬೇಕು. ಬಾಟಲಿಗೆ ತುಂಬಿ ಪೇಟೆಗೆ ಕಳಿಸುವಂತಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಗೆ ಒಯ್ಯಲು ತಾತ್ಕಾಲಿಕವಾಗಿ ಬಿಟ್ಟಿದ್ದೇ ದೊಡ್ಡ ಸುದ್ದಿಯಾಯಿತು. ಬಾಟಲಿ ಬೇಕೆಂದರೆ ಪೂರ್ಣ ಪ್ರಮಾಣದ ಬ್ರುವರಿ ಬೇಕು, ರಾಜ್ಯದೊಳಗಿನ ಸಗಟು ಮಾರಾಟವೆಲ್ಲ 2003ರಲ್ಲಿ ಬಂದ ಪಾನೀಯ ನಿಗಮದ ಮೂಲಕವೇ ಆಗಬೇಕು. ಹೀಗಾಗಿ ಚಿಕ್ಕದು ನಗರದ ಪಬ್ಬಿನೊಳಗೆ ಕಟ್ಟಿಬಿದ್ದಿದೆ, ಬಾಟಲಿ ದೊಡ್ಡವರ ಪಾಲಾಗಿದೆ. ನಡುವೆ ಇರಬೇಕಾದ ಮೆಟ್ಟಿಲೇ ಇಲ್ಲ.

ಇದು ಮದ್ಯದ ಬಗೆಗಿನ ನೈತಿಕ ನಿಲುವಿನಿಂದ ಬಂದದ್ದು ಎಂಬ ಸಮರ್ಥನೆ ನಿಲ್ಲುವುದಿಲ್ಲ. ದ್ರಾಕ್ಷಿಯ ವಿಷಯದಲ್ಲಿ ಇದೇ ಸರ್ಕಾರ 2007ರ ದ್ರಾಕ್ಷಾರಸ ನೀತಿಯ ಮೂಲಕ ತೋಟದ ಮಗ್ಗುಲಲ್ಲೇ ವೈನರಿ ಹಾಕಲು ಉತ್ತೇಜನ ಕೊಟ್ಟಿತು, ವೈನ್ ಮಂಡಳಿ ಮಾಡಿತು. ದೊಡ್ಡಬಳ್ಳಾಪುರದ ಗ್ರೋವರ್ ವೈನ್ ಫ್ರಾನ್ಸಿಗೇ ಹೋಯಿತು. ದ್ರಾಕ್ಷಿ ಬೆಳೆಗಾರನಿಗೆ ಸಿಕ್ಕ ರಿಯಾಯಿತಿ ರಾಗಿ ಬೆಳೆಗಾರನಿಗೆ ಸಿಗಲಿಲ್ಲ ಎಂಬುದಷ್ಟೇ ಸತ್ಯ. ತೆಂಗಿನವನ ಗತಿ ಇನ್ನೂ ಕಷ್ಟದ್ದು. ನುಸಿ ರೋಗದಿಂದ ಕಾಯಿ ಕೈಕೊಟ್ಟ ಮೇಲೆ ನೀರಾ ಇಳಿಸಲು ಬಿಡಿ ಎಂದು ಕೇಳಿದ ರೈತರ ಚಳವಳಿ 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್‌ವರೆಗೆ ಹೋಯಿತು. ಮುಂದೆ ಕಾನೂನು ಸಡಿಲವಾಯಿತು, ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಮಂಜಿನ ಪೆಟ್ಟಿಗೆಯಲ್ಲಿ ನೀರಾ ಹಿಡಿಯುವ ‘ಕಲ್ಪರಸ’ ವಿಧಾನವನ್ನೂ ಕೊಟ್ಟಿತು. ಆದರೂ ಮರದಿಂದ ಇಳಿದ ಕೆಲವೇ ಗಂಟೆಯಲ್ಲಿ ಹುಳಿಯತೊಡಗುವ ರಸ ಕಡೂರಿನಿಂದ ಕಡಲಾಚೆ ಹೋಗಬೇಕಾದರೆ ಸಕ್ಕರೆಯಾಗಿಯೇ ಹೋಗಬೇಕು.

ರಾಗಿಯ ಲೆಕ್ಕ

ಉಳಿದದ್ದು ರಾಗಿ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕ. ಕಡೂರು ಅದರ ಹಳೆಯ ಸೀಮೆ. ರಾಗಿಯಿಂದ ಬಿಯರ್ ಆಗುತ್ತದೆಯೇ ಎಂದು ಕೇಳುವವರಿಗೆ ನೇಪಾಳ, ಸಿಕ್ಕಿಂ ಕಡೆಯ ತೊಂಗ್ಬಾ, ಉಗಾಂಡದಲ್ಲಿ ಒಂದೇ ಮಡಕೆಗೆ ಉದ್ದನೆಯ ಕೊಳವೆ ಹಾಕಿ ಹಲವರು ಹೀರುವ ಮಲ್ವಾ ಉತ್ತರ ಕೊಡುತ್ತವೆ. ಆಫ್ರಿಕದ ಈ ಸಂಬಂಧ ದೂರದ್ದೇನಲ್ಲ: ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ತಂದ ಇಂಡಾಫ್ ತಳಿಗಳು ನಮ್ಮ ಹೊಲಗಳಲ್ಲಿ ದಶಕಗಳ ಕಾಲ ಬೆಳೆದಿವೆ.

ಬಿಯರ್‌ಗೆ ಬೇಕಾದ ಮುಖ್ಯ ಗುಣವೂ ರಾಗಿಗಿದೆ. ಮಗುವಿಗೆ ಕೊಡಲು ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ ಬೀಸುವ ತಾಯಂದಿರು ಮಾಡುವುದೂ ಬ್ರುವರಿಯವನು ಬಾರ್ಲಿಗೆ ಮಾಡುವುದೂ ಒಂದೇ ಕೆಲಸ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಸಕ್ಕರೆಗೆ ಒಡೆಯುತ್ತದೆ, ಕಿರುಧಾನ್ಯಗಳಲ್ಲಿ ಈ ಶಕ್ತಿ ರಾಗಿಗೆ ಹೆಚ್ಚು. ತೊಡಕುಗಳು ಎರಡು. ರಾಗಿಯ ಪಿಷ್ಟ ಬಾರ್ಲಿಯದ್ದಕ್ಕಿಂತ ಹೆಚ್ಚಿನ ಶಾಖಕ್ಕೆ ಕರಗುತ್ತದೆ. ಇನ್ನೊಂದು, ಬಾರ್ಲಿಗೆ ಇರುವ ಗಟ್ಟಿ ಹೊಟ್ಟು ರಾಗಿಗಿಲ್ಲ. ಆ ಹೊಟ್ಟೇ ಹಂಡೆಯ ತಳದಲ್ಲಿ ಜಾಲರಿಯಾಗಿ ಕೂತು ರಸವನ್ನು ಸೋಸುವುದು. ರಾಗಿಯೊಂದನ್ನೇ ಹಾಕಿದರೆ ಅಂಬಲಿಯಂತೆ ಕಟ್ಟಿಕೊಂಡು ರಸ ಇಳಿಯುವುದಿಲ್ಲ, ಭತ್ತದ ಹೊಟ್ಟು ಬೆರೆಸಬೇಕಾಗುತ್ತದೆ. ಬೆಂಗಳೂರಿನಲ್ಲಿ ರಾಗಿ ಬಿಯರ್ ಮಾಡುವವರು ಬಾರ್ಲಿಯೊಂದಿಗೆ ರಾಗಿ ಸೇರಿಸಲು ಇದೂ ಒಂದು ಕಾರಣ.

ಇನ್ನು ಒಂದು ಅಂದಾಜು. ಲೀಟರ್ ಬಿಯರ್‌ಗೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಅಂದರೆ ಮಾಲ್ಟ್, ಸುಮಾರು 200 ಗ್ರಾಂ ಹಿಡಿಯೋಣ. ಜಪಾನಿನ ಕನಿಷ್ಠ ಮಿತಿಯ 60 ಕಿಲೋಲೀಟರ್ ಬಿಯರ್‌ಗೆ 12 ಟನ್ ಮಾಲ್ಟ್ ಬೇಕು. ಮೂರನೇ ಒಂದು ಪಾಲು ರಾಗಿಯಾದರೆ 4 ಟನ್. ಮೊಳಕೆ ಕಟ್ಟುವಾಗ, ಬೇರು ಉದುರಿಸುವಾಗ ಆಗುವ ನಷ್ಟ ಸೇರಿಸಿದರೆ ಹತ್ತಿರ ಹತ್ತಿರ 48 ಕ್ವಿಂಟಲ್ ಧಾನ್ಯ. ಮಳೆಯಾಶ್ರಯದಲ್ಲಿ ಎಕರೆಗೆ 8 ಕ್ವಿಂಟಲ್ ಎಂದರೆ ಆರು ಎಕರೆ ಹೊಲ. ಒಂದು ಚಿಕ್ಕ ಬ್ರುವರಿಯ ಇಡೀ ವರ್ಷದ ರಾಗಿಯನ್ನು ಕಡೂರು ಕಡೆಯ ಯಗಟಿಯ ಇಬ್ಬರು ರೈತರು ಬೆಳೆದುಬಿಡಬಹುದು! ರಾಗಿ ಬಿಯರ್ ಬಂದರೆ ಬಯಲುಸೀಮೆಯ ರೈತ ಉದ್ಧಾರವಾಗುತ್ತಾನೆ ಎಂಬ ಭಾಷಣಗಳು 2023ರ ಸಿರಿಧಾನ್ಯ ವರ್ಷದಲ್ಲಿ ಸಾಕಷ್ಟು ಕೇಳಿಬಂದವು. ಹಳೆಯ ಜಪಾನಿ ಮಿತಿಯಾದ 2,000 ಕಿಲೋಲೀಟರಿನ ಬ್ರುವರಿ ಬಂದರೂ ಬೇಕಾಗುವುದು ಇನ್ನೂರು ಎಕರೆಯ ಬೆಳೆ, ಒಂದು ಊರಿನ ಹೊಲ. ಟನ್ನಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಲಾಭವೇನಾದರೂ ಇದ್ದರೆ ಅದು ಧಾನ್ಯಕ್ಕೆ ಊರಿನ ಹೆಸರು ಅಂಟಿ ಸಿಗುವ ಹೆಚ್ಚಿನ ಬೆಲೆಯಲ್ಲಿದೆ.

ಹಾಗಾದರೆ ಈ ಸೀಮೆಗೆ ಬ್ರುವರಿಗಿಂತ ಮೊದಲು ಬೇಕಾದದ್ದು ಮೊಳಕೆ ಮನೆ ಎಂದು ನನಗೆ ತೋರುತ್ತದೆ. ಮಾಲ್ಟ್ ಮದ್ಯವಲ್ಲ, ಅಬಕಾರಿ ಇಲಾಖೆಯ ಕೈಗೆ ಸಿಗುವುದಿಲ್ಲ. ಆಹಾರ ಪದಾರ್ಥದ ಪರವಾನಗಿ ಸಾಕು. ಒಣಗಿದ ಮಾಲ್ಟ್ ಕಾಫಿ ಬೀಜದಂತೆ ಗೋಣಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಬಿಯರ್‌ನಂತೆ ಕಂಟೇನರಿನಲ್ಲಿ ಕೆಡುವುದಿಲ್ಲ. ಗ್ಲುಟೆನ್ ಒಗ್ಗದವರಿಗಾಗಿ ಬಿಯರ್ ಮಾಡುವ ಹೊರದೇಶದ ಸಣ್ಣ ತಯಾರಕರಿಗೆ ಬಾರ್ಲಿ, ಗೋಧಿ ಬಿಟ್ಟ ಮಾಲ್ಟ್ ಬೇಕೇ ಬೇಕು. 1889ರಲ್ಲಿ ಬೆಂಗಳೂರು–ಹರಿಹರ ರೈಲುಮಾರ್ಗ ಬಂದಾಗಿನಿಂದ ಕಡೂರು, ಬೀರೂರು, ಅಜ್ಜಂಪುರಗಳಲ್ಲಿ ರೈಲು ನಿಲ್ಲುತ್ತಿದೆ. ಸಾಗಣೆ ಇಲ್ಲಿ ಸಮಸ್ಯೆಯೇ ಅಲ್ಲ. ಕೊನೆಯ ಸಂಸ್ಕರಣೆಯಲ್ಲದಿದ್ದರೂ, ಕೊನೆಯದಕ್ಕಿಂತ ಒಂದು ಹೆಜ್ಜೆ ಹಿಂದಿನದ್ದು ಊರಿನಲ್ಲೇ ನಡೆಯುತ್ತದೆ.

ಅಡ್ಡಿ ಇರುವುದು ಕಣದಲ್ಲಿ ಮತ್ತು ಖರೀದಿ ಕೇಂದ್ರದಲ್ಲಿ. 2024–25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ ಇತ್ತು. ಬೆಂಬಲ ಬೆಲೆಯ ಖರೀದಿಯಲ್ಲಿ ತಳಿಯ ಪ್ರಶ್ನೆ ಬರುವುದಿಲ್ಲ. ಜಿಪಿಯು-28 ಆದರೂ ಎಂಎಲ್-365 ಆದರೂ ಒಂದೇ ರಾಶಿಗೆ ಸೇರಿ ಪಡಿತರಕ್ಕೆ ಹೋಗುತ್ತದೆ. ಮಾಲ್ಟ್‌ನವನಿಗೆ ಒಂದೇ ತಳಿಯ, ಒಟ್ಟಿಗೆ ಮೊಳೆಯುವ ಕಾಳು ಬೇಕು, ಅದಕ್ಕೆ ಅವನು ಸರ್ಕಾರದ ಬೆಲೆಗಿಂತ ಹೆಚ್ಚು ಕೊಡಲೇಬೇಕು. ತೆನೆಯನ್ನು ಡಾಂಬರು ರಸ್ತೆಗೆ ಹಾಸಿ ಲಾರಿ, ಬಸ್ಸುಗಳ ಚಕ್ರದಿಂದ ಒಕ್ಕಣೆ ಮಾಡಿಸುವುದು ಈ ಭಾಗದಲ್ಲಿ ಎಲ್ಲೆಡೆ ಇದೆ. ಕೂಲಿಯವರು ಸಿಗದ ಕಾಲದಲ್ಲಿ ರೈತನನ್ನು ಅದಕ್ಕಾಗಿ ದೂರುವಂತಿಲ್ಲ. ಆದರೆ ಚಕ್ರಕ್ಕೆ ಸಿಕ್ಕಿ ಬಿರುಕು ಬಿಟ್ಟ ಕಾಳು ಮುದ್ದೆಗೆ ಆಗುತ್ತದೆ, ಮೊಳಕೆಗೆ ಆಗುವುದಿಲ್ಲ. ನೆನೆಸಿದಾಗ ಬೂಸ್ಟು ಹಿಡಿದು ಪಕ್ಕದ ಕಾಳನ್ನೂ ಕೆಡಿಸುತ್ತದೆ. ಮಾಲ್ಟ್‌ಗೆಂದು ರಾಗಿ ಖರೀದಿಸುವವನ ಮೊದಲ ಪರೀಕ್ಷೆ ರುಚಿಯದ್ದಲ್ಲ: ಒದ್ದೆ ಬಟ್ಟೆಯ ಮೇಲೆ ನೂರು ಕಾಳು ಇಟ್ಟು, ಮೂರು ದಿನ ಬಿಟ್ಟು, ಎಷ್ಟು ಮೊಳೆತಿವೆ ಎಂದು ಎಣಿಸುತ್ತಾನೆ. ರಸ್ತೆಯ ಮೇಲೆ ಒಕ್ಕಿದ ರಾಗಿ ಆ ಎಣಿಕೆಯಲ್ಲಿ ಪಾಸಾಗುವುದು ಕಷ್ಟ. ರಾಗಿಗೆಂದೇ ಹೊಂದಿಸಿದ ಒಕ್ಕಣೆ ಯಂತ್ರಗಳು ಬಾಡಿಗೆಗೆ ಸಿಗುವ ಹೋಬಳಿಗಳಿಂದಲೇ ಈ ಕೆಲಸ ಶುರುವಾಗಬೇಕು.